ಕುಡಿತ ಬಿಟ್ಟವರ ಕೂಟ ಮದ್ದೂರಿಗೆ ಬಂದ ದಾರಿ

ಇವತ್ತಿನ ಸಂಚಿಕೆಯನ್ನ ಮದ್ದೂರು ರೈಲ್ವೆ ಸ್ಟೇಷನ್ನಿಂದ ಶುರು ಮಾಡ್ತೀನಿ. ವಡೆ ಕಥೆ ಅಲ್ಲ, ಅದು ಎಲ್ಲರಿಗೂ ಗೊತ್ತಿದೆ. ಆರು ವರ್ಷದ ಹಿಂದೆ ಒಂದು ಭಾನುವಾರ ಬೆಳಗ್ಗೆ ಇಲ್ಲಿಂದ ಬೆಂಗಳೂರಿನ ರೈಲು ಹತ್ತಿದೆ. ಮನೇಲಿ ಮದುವೆಗೆ ಅಂತ ಹೇಳಿದ್ದೆ. ಹೊರಟಿದ್ದು ಕುಡಿತ ಬಿಡಬೇಕು ಅಂದ್ಕೊಂಡವರು ಸೇರುವ ಒಂದು ಸಭೆಗೆ. ಎಂಬತ್ತು ಕಿಲೋಮೀಟರ್ ದೂರ ಯಾಕೆ ಅಂದ್ರೆ, ಮದ್ದೂರಲ್ಲಿ ನಾನು ಯಾರ ಮಗ ಅಂತ ಎಲ್ಲರಿಗೂ ಗೊತ್ತು. ನಾನು ಕುಡೀತೀನಿ ಅನ್ನೋದೂ ಗೊತ್ತಿತ್ತು, ಅದು ಬೇರೆ ಮಾತು. ಬಾರಿಗೆ ಹೋಗುವಾಗ ಇಲ್ಲದ ನಾಚಿಕೆ ಬಿಡೋಕೆ ಹೋಗುವಾಗ ಬಂತು.

ಕುಡಿತ ಬಿಡಿಸೋದು ನಮ್ಮ ಕಡೆ ಹೊಸ ಕೆಲಸ ಏನಲ್ಲ. 1939ರಲ್ಲಿ, ಅಂದ್ರೆ ಮಂಡ್ಯ ಜಿಲ್ಲೆ ಹುಟ್ಟಿದ ವರ್ಷವೇ, ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನ ಕಡಿದು ಹಾಕಿದರು. ಹೆಂಡದಿಂದ ಮೈಸೂರು ಸರ್ಕಾರಕ್ಕೆ ಬರ್ತಿದ್ದ ವರಮಾನಕ್ಕೆ ಬಿದ್ದ ಕೊಡಲಿ ಅದು. ಆದರೆ ಮಂಡ್ಯದಂಥ ಸೀಮೆಯಲ್ಲಿ ಮರ ಕಡಿದರೆ ಮುಗಿಯುತ್ತಾ? ಮೈಷುಗರ್ ಕಾರ್ಖಾನೆ 1933ರಲ್ಲೇ ಶುರುವಾಗಿತ್ತು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಕಾಕಂಬಿ ಉಳಿಯುತ್ತೆ, ಕಾಕಂಬಿಯಿಂದ ಮದ್ಯಸಾರ ಬರುತ್ತೆ. ನಮ್ಮ ಅನ್ನ ಮತ್ತೆ ನಮ್ಮ ಎಣ್ಣೆ ಎರಡಕ್ಕೂ ಬೇರು ಒಂದೇ ಗದ್ದೆಯಲ್ಲಿದೆ.

ಆಮೇಲೆ 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯ್ತು. ಸಾರಾಯಿ ಅಂಗಡಿ ಮುಚ್ಚಿದ ದಿನ ನಮ್ಮವ್ವ ದೀಪ ಹಚ್ಚಿದ್ದು ನೆನಪಿದೆ. ತಿಂಗಳು ತುಂಬೋದ್ರೊಳಗೆ ಅಪ್ಪ ಅಗ್ಗದ ವಿಸ್ಕಿಗೆ ಹೋದ್ರು. ನಿಷೇಧ ತಪ್ಪು ಅಂತ ನಾನು ಹೇಳಲ್ಲ. ಅಂಗಡಿ ಮುಚ್ಚೋಕೆ ಕಾನೂನು ಸಾಕು, ಸಂಜೆ ಆರು ಗಂಟೆಗೆ ನಡುಗೋ ಕೈಗೆ ಸಾಕಾಗಲ್ಲ, ಅಷ್ಟೇ. ಇನ್ನು ಮನೆದೇವ್ರ ಮೇಲೆ ಆಣೆ ಹಾಕೋದು. ಅಪ್ಪ ಮೂರು ಸಲ ಹಾಕಿದ್ರು, ನಾನು ಎರಡು ಸಲ.

ಕೂತು ಮಾತಾಡೋ ದಾರಿ ಬಂದಿದ್ದು ಬೇರೆ ಕಡೆಯಿಂದ. 1935ರ ಮೇ ತಿಂಗಳು, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರು. ಬಿಲ್ ವಿಲ್ಸನ್ ಅನ್ನೋ ಷೇರು ವ್ಯವಹಾರದ ಮನುಷ್ಯ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟು ಹೋಟೆಲಿನ ಹಜಾರದಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರಿನ ಸದ್ದು, ಇನ್ನೊಂದು ಕಡೆ ಟೆಲಿಫೋನು. ಫೋನಿನ ಕಡೆ ಹೋಗಿ ಪಾದ್ರಿಯೊಬ್ಬರನ್ನ ಹಿಡಿದ. ಬುದ್ಧಿ ಹೇಳಿ ಅಂತ ಕೇಳಲಿಲ್ಲ, ನನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಅಂದ. ಹಾಗೆ ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್, ಶಸ್ತ್ರವೈದ್ಯ, ಆತನೂ ಕುಡುಕ. ಹದಿನೈದು ನಿಮಿಷ ಸಾಕು ಅಂತ ಬಂದ ಡಾಕ್ಟರು ಗಂಟೆಗಟ್ಟಲೆ ಕೂತ್ರು. ಅವರು ಕೊನೆಯ ಸಲ ಕುಡಿದದ್ದು 1935ರ ಜೂನ್ 10. ಆಲ್ಕೊಹಾಲಿಕ್ಸ್ ಅನಾನಿಮಸ್, ಎ.ಎ. ಅಂತ ನಾವು ಕರೆಯೋ ಕೂಟ, ತನ್ನ ಹುಟ್ಟಿದ ದಿನ ಅಂತ ಲೆಕ್ಕ ಹಿಡಿಯೋದು ಅದನ್ನೇ. ಅದು ಭಾರತದಲ್ಲಿ ಬೇರು ಬಿಟ್ಟಿದ್ದು 1957ರಲ್ಲಿ.

ನಮ್ಮ ರಾಜ್ಯದಲ್ಲಿ ಇನ್ನೊಂದು ಎಳೆ ಬೆಳ್ತಂಗಡಿ ಕಡೆಯಿಂದ ಬಂತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಈಗ ಸಾವಿರದ ಗಡಿ ದಾಟಿವೆ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ, ಊರವರದೇ ಸಮಿತಿ, ಕೊನೆಗೆ ಮನೆಯವರನ್ನೂ ಕರೆಸ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರು ಸೇರ್ತಾ ಇರೋಕೆ ನವಜೀವನ ಸಮಿತಿ. ಎ.ಎ.ಯಲ್ಲಿ ಪೂರ್ತಿ ಹೆಸರೂ ಬೇಡ. ಇಲ್ಲಿ ಊರೇ ಸಾಕ್ಷಿ, ಹೆಂಡತಿ ಪಕ್ಕದಲ್ಲೇ ಕೂತಿರ್ತಾಳೆ. ಯಾವುದು ಮೇಲು ಅಂತ ಜಗಳ ಆಡೋರನ್ನ ನೋಡಿದ್ದೀನಿ. ಊರಿಗೆ ಹೆದರಿ ಬಿಟ್ಟವರೂ ಇದ್ದಾರೆ, ಊರಿಗೆ ಹೆದರಿ ಬಾರದೇ ಉಳಿದವರೂ ಇದ್ದಾರೆ. ನಾನು ಎರಡನೇ ಜಾತಿ.

ಆ ಭಾನುವಾರ ಬೆಂಗಳೂರಲ್ಲಿ ಪ್ಲಾಸ್ಟಿಕ್ ಕುರ್ಚಿ, ಟೀ, ಹತ್ತು ಹನ್ನೆರಡು ಜನ. ಫೀಸಿಲ್ಲ, ಕೊನೆಗೆ ಒಂದು ಚೀಲ ಸುತ್ತು ಬಂತು, ಇಷ್ಟ ಇದ್ದೋರು ಹಾಕಿದ್ರು. ಒಬ್ಬೊಬ್ಬರೇ ತಮ್ಮ ಕಥೆ ಹೇಳ್ಕೊಂಡ್ರು, ನನಗೆ ಯಾರೂ ಬುದ್ಧಿ ಹೇಳಲಿಲ್ಲ. ಹೊರಗೆ ಬಂದಾಗ ಪಕ್ಕದವರನ್ನ ಕೇಳಿದೆ, "ಯಾವೂರಣ್ಣ ನಿಮ್ದು?"

"ಮಳವಳ್ಳಿ ಕಡೆ ಕಣಪ್ಪ. ನಮ್ಮೂರಲ್ಲಿ ಎಲ್ರಿಗೂ ಗೊತ್ತಾಗ್ತದಲ್ಲ, ಅದಕ್ಕೆ ಇಲ್ಲಿಗಂಟ ಬತ್ತೀನಿ."

ಇಬ್ಬರೂ ಒಂದೇ ರೈಲಲ್ಲಿ ವಾಪಸ್ ಬಂದ್ವಿ. ಎ.ಎ. ಲೆಕ್ಕದಲ್ಲಿ ಒಂದು ಗುಂಪು ಆಗೋಕೆ ಇಬ್ಬರು ಮೂವರು ಸಾಕು. ಅವರು ಕೆ.ಎಂ.ದೊಡ್ಡಿ ಮೇಲೆ ಬಸ್ಸಲ್ಲಿ ಬರ್ತಿದ್ರು, ಗುರುವಾರ ಸಂಜೆ ಮದ್ದೂರಲ್ಲಿ ಪರಿಚಯದವರ ಒಂದು ಕೋಣೇಲಿ ಕೂರ್ತಿದ್ವಿ. ಐದು ತಿಂಗಳು ಇಬ್ಬರೇ. ಒಂದು ಸಲ ನಾನು ಕುಡಿದೇ ಹೋಗಿದ್ದೆ, ಅವರು ಬೈಯಲಿಲ್ಲ, ಮುಂದಿನ ಗುರುವಾರ ಬಾ ಅಂದ್ರು. ಈಗ ಏಳು ಜನ ಇದ್ದೀವಿ. ಇಷ್ಟು ಹೇಳೋಕೆ ಅವರೆಲ್ಲರ ಒಪ್ಪಿಗೆ ತಗೊಂಡಿದ್ದೀನಿ, ಹೆಸರು ಮಾತ್ರ ಕೇಳಬೇಡಿ.

ಒಂದು ಮಾತು, ದಿನಾ ಜಾಸ್ತಿ ಕುಡಿಯೋರು ಕೂಟಕ್ಕೆ ಬರೋ ಹುರುಪಲ್ಲಿ ಒಂದೇ ಏಟಿಗೆ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರ ಹತ್ರ ಹೋಗಿ. ಟೆಲಿ ಮಾನಸ್ ನಂಬರು 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.