ಕಲ್ನಾರು ಮತ್ತು ಕಲ್ಲುಧೂಳಿನಿಂದ ಬರುವ ಉದ್ಯೋಗಜನ್ಯ ರೋಗಗಳು: ಕೋಲಾರ ಜಿಲ್ಲೆಯ ಕಾರ್ಮಿಕರಿಗೆ ಪರಿಹಾರದ ಮಾಹಿತಿ

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಕಾರ್ಮಿಕರು ಮತ್ತು ಅವರ ಅವಲಂಬಿತರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಹಿನ್ನೆಲೆ

ಧೂಳಿನಿಂದ ಬರುವ ಶ್ವಾಸಕೋಶ ರೋಗವು ಈ ಜಿಲ್ಲೆಗೆ ಹೊಸದಲ್ಲ. ದೇಶದಲ್ಲಿ ಸಿಲಿಕೋಸಿಸ್ ರೋಗವು ಮೊದಲು ದಾಖಲಾದದ್ದು 1934ರಲ್ಲಿ, ಕೋಲಾರ ಚಿನ್ನದ ಗಣಿಗಳಲ್ಲಿ. 1940ರಿಂದ 1946ರವರೆಗಿನ ತಪಾಸಣೆಯಲ್ಲಿ ಗಣಿ ಕಾರ್ಮಿಕರ ಪೈಕಿ ಶೇಕಡಾ 43.7ರಷ್ಟು ಮಂದಿಯಲ್ಲಿ ಈ ರೋಗ ಕಂಡುಬಂದಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು. ಆದರೆ ಕಲ್ಲು ಗಣಿಗಾರಿಕೆ, ಜಲ್ಲಿ ಕ್ರಷರ್, ಶಿವಾರಪಟ್ಟಣದ ಶಿಲ್ಪಕೆಲಸ, ಮಾಲೂರಿನ ಹೆಂಚು ಮತ್ತು ಇಟ್ಟಿಗೆ ಉದ್ದಿಮೆ ಮುಂತಾದ ಕಡೆಗಳಲ್ಲಿ ಧೂಳಿನ ಅಪಾಯ ಮುಂದುವರಿದಿದೆ.

ಕಲ್ನಾರು ಅಥವಾ ಆಸ್ಬೆಸ್ಟಾಸ್ ಎಂಬ ನಾರಿನಂತಹ ಖನಿಜವು ಇದೇ ಬಗೆಯ ಮತ್ತೊಂದು ಅಪಾಯ. ಭಾರತದಲ್ಲಿ ಈಗ ಬಳಕೆಯಲ್ಲಿರುವುದು ಹೊರದೇಶಗಳಿಂದ ತರಿಸಿಕೊಳ್ಳುವ ಬಿಳಿ ಕಲ್ನಾರು. ಎಲ್ಲಾ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯು ಪರಿಗಣಿಸಿದೆ.

2. ಕಲ್ನಾರು ಇರುವ ವಸ್ತುಗಳು

- ಮನೆ, ಶೆಡ್ಡು, ಗೋದಾಮುಗಳ ಮೇಲ್ಛಾವಣಿಗೆ ಹಾಕುವ, ಜನರು ಸಿಮೆಂಟ್ ಶೀಟು ಎಂದು ಕರೆಯುವ ಆಸ್ಬೆಸ್ಟಾಸ್ ಶೀಟುಗಳು
- ಹಳೆಯ ಆಸ್ಬೆಸ್ಟಾಸ್ ಸಿಮೆಂಟ್ ನೀರಿನ ಪೈಪುಗಳು
- ಹಳೆಯ ಲಾರಿ, ಬಸ್ಸುಗಳ ಬ್ರೇಕ್ ಲೈನರ್ ಹಾಗೂ ಕ್ಲಚ್ ಪ್ಲೇಟುಗಳು
- ಬಾಯ್ಲರು ಮತ್ತು ಹಬೆ ಪೈಪುಗಳಿಗೆ ಸುತ್ತುವ ಹಗ್ಗ, ಬಟ್ಟೆ ಹಾಗೂ ಗ್ಯಾಸ್ಕೆಟ್‌ಗಳು

ಒಡೆಯದೆ ಇರುವ ಶೀಟಿನಿಂದ ನಾರು ಸುಲಭವಾಗಿ ಹೊರಬರುವುದಿಲ್ಲ. ಶೀಟನ್ನು ಯಂತ್ರದಿಂದ ಕತ್ತರಿಸುವಾಗ, ತೂತು ಕೊರೆಯುವಾಗ, ಹಳೆಯ ಛಾವಣಿಯನ್ನು ಒಡೆದು ಇಳಿಸುವಾಗ ಹಾಗೂ ಗ್ಯಾರೇಜುಗಳಲ್ಲಿ ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿ ಪೈಪಿನಿಂದ ಊದುವಾಗ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನಾರುಗಳು ಉಸಿರಿನೊಂದಿಗೆ ಒಳಸೇರುತ್ತವೆ. ಕೆಲಸದ ಬಟ್ಟೆಯನ್ನು ಮನೆಯಲ್ಲಿ ಒಗೆಯುವವರಿಗೂ ಈ ಅಪಾಯವಿರುತ್ತದೆ.

3. ರೋಗಗಳು

ಕಲ್ನಾರಿನಿಂದ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಹಾಗೂ ಎದೆ ಅಥವಾ ಹೊಟ್ಟೆಯ ಒಳಪೊರೆಯ ಕ್ಯಾನ್ಸರ್ ಆದ ಮೀಸೋಥೀಲಿಯೋಮಾ ಬರಬಹುದು. ಇವು ಧೂಳು ಸೇವಿಸಿದ ಹತ್ತರಿಂದ ನಲವತ್ತು ವರ್ಷಗಳ ನಂತರ ಕಾಣಿಸಿಕೊಳ್ಳುವ ಸಂಭವವಿದೆ. ಬೀಡಿ, ಸಿಗರೇಟು ಸೇದುವ ಕಾರ್ಮಿಕರಲ್ಲಿ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಶ್ವಾಸಕೋಶ ಗಡುಸಾದ ನಂತರ ಅದನ್ನು ಮೊದಲಿನಂತೆ ಮಾಡುವ ಔಷಧವಿಲ್ಲ.

ಏದುಸಿರು, ಒಣಕೆಮ್ಮು, ಎದೆನೋವು, ತೂಕ ಇಳಿಕೆ ಇವು ಲಕ್ಷಣಗಳು. ಇವೇ ಲಕ್ಷಣಗಳು ಕ್ಷಯರೋಗದಲ್ಲಿಯೂ ಇರುವುದರಿಂದ ಅನೇಕರು ಕ್ಷಯಕ್ಕೆ ಮಾತ್ರವೇ ಚಿಕಿತ್ಸೆ ಪಡೆದು ಸುಮ್ಮನಾಗುತ್ತಾರೆ. ಆದುದರಿಂದ ವೈದ್ಯರ ಬಳಿ ಹೋದಾಗ ತಾವು ಎಲ್ಲೆಲ್ಲಿ, ಯಾವ ಕೆಲಸವನ್ನು, ಎಷ್ಟು ವರ್ಷ ಮಾಡಿದ್ದರೆಂಬುದನ್ನು ಕಾರ್ಮಿಕರು ತಪ್ಪದೆ ತಿಳಿಸಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳತಕ್ಕದ್ದು. ಈ ಒಂದು ಸಾಲಿನ ಬರಹವು ಮುಂದೆ ಪರಿಹಾರದ ಅರ್ಜಿಯಲ್ಲಿ ಮುಖ್ಯ ಸಾಕ್ಷ್ಯವಾಗುತ್ತದೆ.

4. ಕಾನೂನಿನ ರಕ್ಷಣೆ

1923ರ ನೌಕರರ ಪರಿಹಾರ ಕಾಯಿದೆಯು ಉದ್ಯೋಗಜನ್ಯ ರೋಗವನ್ನು ಕೆಲಸದ ಅಪಘಾತಕ್ಕೆ ಸಮನಾಗಿ ಪರಿಗಣಿಸಿತ್ತು. ದಿನಾಂಕ 21-11-2025ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದ್ದು, ಇದೇ ರಕ್ಷಣೆಯನ್ನು ಮುಂದುವರಿಸಲಾಗಿದೆ. ಸಂಹಿತೆಯ ಮೂರನೇ ಅನುಸೂಚಿಯಲ್ಲಿ ರೋಗಗಳ ಪಟ್ಟಿ ಇದೆ.

ಕಲ್ನಾರಿನಿಂದ ಬಂದ ಶ್ವಾಸಕೋಶ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮಾಗೆ ಒಬ್ಬ ಮಾಲೀಕರ ಬಳಿ ಕನಿಷ್ಠ ಆರು ತಿಂಗಳ ನಿರಂತರ ಸೇವೆ ಇರಬೇಕು. ಸಿಲಿಕೋಸಿಸ್ ಮತ್ತು ಆಸ್ಬೆಸ್ಟೋಸಿಸ್‌ಗೆ ಒಬ್ಬರು ಅಥವಾ ಹಲವು ಮಾಲೀಕರ ಬಳಿ ಮಾಡಿದ ಸೇವೆಯನ್ನು ಒಟ್ಟಾಗಿ ಲೆಕ್ಕಹಾಕಲಾಗುವುದು. ಗುತ್ತಿಗೆದಾರರ ಮೂಲಕ ದುಡಿದವರಿಗೆ ಮೂಲ ಮಾಲೀಕರೇ ಹೊಣೆಗಾರರಾಗುತ್ತಾರೆ.

ಸರ್ವೋಚ್ಚ ನ್ಯಾಯಾಲಯವು ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್ ಪ್ರಕರಣದ 27-1-1995ರ ತೀರ್ಪಿನಲ್ಲಿ ಕಾರ್ಮಿಕರ ಆರೋಗ್ಯವು ಮೂಲಭೂತ ಹಕ್ಕಿನ ಭಾಗವೆಂದು ಸಾರಿದೆ. ಕಲ್ನಾರು ಉದ್ದಿಮೆಗಳು ಪ್ರತಿ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ನಿರ್ದೇಶಿಸಿದೆ. ಕಾರ್ಮಿಕರು ತಮ್ಮ ಹಳೆಯ ದಾಖಲೆಯನ್ನು ಕೇಳುವಾಗ ಈ ತೀರ್ಪನ್ನು ಉಲ್ಲೇಖಿಸಬಹುದು.

5. ಇ.ಎಸ್.ಐ. ವಿಮೆ ಇರುವವರು

ರೋಗಕ್ಕೆ ಕಾರಣವಾದ ಕೆಲಸದಲ್ಲಿ ಇ.ಎಸ್.ಐ. ವಿಮೆ ಹೊಂದಿದ್ದವರು ಮಾಲೀಕರ ವಿರುದ್ಧ ಪರಿಹಾರದ ಅರ್ಜಿ ಸಲ್ಲಿಸುವಂತಿಲ್ಲ. ಅವರು ಇ.ಎಸ್.ಐ. ನಿಗಮದ ಶಾಖಾ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ವೈದ್ಯಕೀಯ ಮಂಡಳಿಯು ಸಂಪೂರ್ಣ ಅಸಾಮರ್ಥ್ಯವೆಂದು ನಿರ್ಧರಿಸಿದಲ್ಲಿ ವೇತನದ ಶೇಕಡಾ 90ರ ದರದಲ್ಲಿ ಮಾಸಿಕ ಸೌಲಭ್ಯ ದೊರೆಯುತ್ತದೆ. ಭಾಗಶಃ ಅಸಾಮರ್ಥ್ಯಕ್ಕೆ ಅದೇ ಅನುಪಾತದಲ್ಲಿ ನೀಡಲಾಗುವುದು.

6. ಪರಿಹಾರದ ಲೆಕ್ಕಾಚಾರ

ಶಾಶ್ವತ ಸಂಪೂರ್ಣ ಅಸಾಮರ್ಥ್ಯಕ್ಕೆ ಮಾಸಿಕ ವೇತನದ ಶೇಕಡಾ 60ನ್ನೂ ಮರಣಕ್ಕೆ ಶೇಕಡಾ 50ನ್ನೂ ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಲಾಗುವುದು.

ಉದಾಹರಣೆ: ಮಾಸಿಕ ವೇತನ ರೂ. 10,000/- ಇರುವ 50 ವರ್ಷದ ಕಾರ್ಮಿಕರು. ಗುಣಕ 153.09.

- ಸಂಪೂರ್ಣ ಅಸಾಮರ್ಥ್ಯ: 6,000 × 153.09 = ರೂ. 9,18,540/-
- ಮರಣ: 5,000 × 153.09 = ರೂ. 7,65,450/-
- ಶೇಕಡಾ 30ರಷ್ಟು ಗಳಿಕೆ ನಷ್ಟ: 9,18,540ರ ಶೇಕಡಾ 30 = ರೂ. 2,75,562/-

1923ರ ಕಾಯಿದೆಯಡಿ 3-1-2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ತೆಗೆದುಕೊಳ್ಳುವ ವೇತನದ ಗರಿಷ್ಠ ಮಿತಿ ರೂ. 15,000/- ಆಗಿತ್ತು. ಅರ್ಜಿ ಸಲ್ಲಿಸುವಾಗ ಜಾರಿಯಲ್ಲಿರುವ ಮಿತಿಯನ್ನು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಪಾವತಿ ವಿಳಂಬವಾದಲ್ಲಿ ಬಡ್ಡಿಯನ್ನೂ, ಸಮರ್ಥನೀಯ ಕಾರಣವಿಲ್ಲದಿದ್ದಲ್ಲಿ ದಂಡವನ್ನೂ ವಿಧಿಸಲು ಅವಕಾಶವಿದೆ.

7. ಕಾಲಮಿತಿ

ಅರ್ಜಿಯನ್ನು ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಈ ಅವಧಿಯನ್ನು ಧೂಳಿನಲ್ಲಿ ದುಡಿದ ದಿನದಿಂದ ಎಣಿಸುವುದಿಲ್ಲ. ರೋಗದ ಕಾರಣ ಕೆಲಸಕ್ಕೆ ನಿರಂತರವಾಗಿ ಗೈರುಹಾಜರಾದ ಮೊದಲ ದಿನದಿಂದ ಎಣಿಸಲಾಗುವುದು. ಮರಣದ ಸಂದರ್ಭದಲ್ಲಿ ಮರಣದ ದಿನಾಂಕದಿಂದ ಎಣಿಸಲಾಗುವುದು. ಕೆಲಸ ಬಿಟ್ಟ ನಂತರ ಎರಡು ವರ್ಷಗಳೊಳಗೆ ಲಕ್ಷಣ ಕಾಣಿಸಿಕೊಂಡಲ್ಲಿ, ಲಕ್ಷಣವು ಮೊದಲು ಪತ್ತೆಯಾದ ದಿನವೇ ಆಧಾರ. ಅವಧಿ ಮೀರಿದ್ದರೂ ಸಕಾರಣವಿದ್ದಲ್ಲಿ ಅರ್ಜಿಯನ್ನು ಪರಿಗಣಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ. ಆದುದರಿಂದ ತಡವಾಯಿತೆಂದು ಯಾರೂ ಅರ್ಜಿಯನ್ನು ಕೈಬಿಡಬೇಕಾಗಿಲ್ಲ. ವಿಳಂಬದ ಕಾರಣವನ್ನು ಅರ್ಜಿಯಲ್ಲಿಯೇ ವಿವರಿಸತಕ್ಕದ್ದು.

8. ಅನುಸರಿಸಬೇಕಾದ ಕ್ರಮ

ಅ) ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ ಅಥವಾ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ಎದೆಯ ಎಕ್ಸ್-ರೇ ಹಾಗೂ ಶ್ವಾಸಕೋಶದ ಕಾರ್ಯಕ್ಷಮತೆಯ ಪರೀಕ್ಷೆ ಮಾಡಿಸಿಕೊಳ್ಳುವುದು. ಮೂಲ ಫಿಲ್ಮನ್ನು ಯಾರಿಗೂ ಬಿಟ್ಟುಕೊಡಬಾರದು.

ಆ) ಮಾಲೀಕರಿಗೆ ರೋಗದ ಬಗ್ಗೆ ಲಿಖಿತ ನೋಟಿಸನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ರಸೀತಿಯನ್ನು ಇಟ್ಟುಕೊಳ್ಳುವುದು.

ಇ) ಸೇವೆಯ ದಾಖಲೆ ಸಂಗ್ರಹಿಸುವುದು: ಗುರುತಿನ ಚೀಟಿ, ವೇತನ ಚೀಟಿ, ಭವಿಷ್ಯ ನಿಧಿ ಪಾಸ್‌ಬುಕ್ಕು, ಬ್ಯಾಂಕ್ ಪಾಸ್‌ಬುಕ್ಕು. ಇವು ಇಲ್ಲದಿದ್ದಲ್ಲಿ ಜೊತೆಯಲ್ಲಿ ದುಡಿದವರ ಪ್ರಮಾಣಪತ್ರ. ಸರ್ಕಾರಿ ಕಚೇರಿಗಳಲ್ಲಿರುವ ಕಾರ್ಖಾನೆಯ ದಾಖಲೆಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10/- ಶುಲ್ಕ ಪಾವತಿಸಿ ಕೋರಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ.

ಈ) ಕೆಲಸ ನಡೆದ ಸ್ಥಳ ಅಥವಾ ಕಾರ್ಮಿಕರು ವಾಸಿಸುವ ಸ್ಥಳದ ವ್ಯಾಪ್ತಿಯ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುವುದು. ಯಾವ ಪ್ರಾಧಿಕಾರವೆಂಬುದನ್ನು ಕೋಲಾರದ ಕಾರ್ಮಿಕ ಅಧಿಕಾರಿಯವರ ಕಚೇರಿಯಲ್ಲಿ ಅಥವಾ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಲ್ಲಿ ವಿಚಾರಿಸಬಹುದು.

9. ಗಮನಿಸಬೇಕಾದ ಅಂಶಗಳು

- ಮೃತರ ಕುಟುಂಬಕ್ಕೆ ಸೇರಬೇಕಾದ ಪರಿಹಾರವನ್ನು ಪ್ರಾಧಿಕಾರದ ಬಳಿ ಠೇವಣಿ ಇಡತಕ್ಕದ್ದು. ಮನೆಗೆ ಬಂದು ನೇರವಾಗಿ ಕೊಟ್ಟ ಹಣವು ಪರಿಹಾರದ ಪಾವತಿ ಎನಿಸುವುದಿಲ್ಲ.
- ಮುಂದೆ ಏನನ್ನೂ ಕೇಳುವುದಿಲ್ಲವೆಂದು ಬರೆಸಿಕೊಂಡ ಕರಾರು ಕಾನೂನಿನಂತೆ ಅಸಿಂಧು. ಖಾಲಿ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು.
- ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಪಡೆಯಬಹುದು.
- ಶೀಟು ಹಾಕುವ ಮತ್ತು ಕಟ್ಟಡ ಒಡೆಯುವ ಕಾರ್ಮಿಕರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವುದು ಸೂಕ್ತ.

10. ಮುನ್ನೆಚ್ಚರಿಕೆ

ಹಳೆಯ ಶೀಟನ್ನು ನೀರು ಚಿಮುಕಿಸಿ, ಒಡೆಯದೆ ಇಳಿಸುವುದು. ಧೂಳನ್ನು ಒಣಗಿದಂತೆ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು. ಮುಖಕ್ಕೆ ಕಟ್ಟಿದ ಟವೆಲು ಈ ನಾರನ್ನು ತಡೆಯುವುದಿಲ್ಲ; ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸನ್ನು ಮಾಲೀಕರು ಒದಗಿಸತಕ್ಕದ್ದು. ಕೆಲಸದ ಬಟ್ಟೆಯನ್ನು ಕೆಲಸದ ಸ್ಥಳದಲ್ಲಿಯೇ ಬದಲಿಸುವುದು. ಕಾರ್ಖಾನೆಯಲ್ಲಿ ಧೂಳಿನ ನಿಯಂತ್ರಣ ಇಲ್ಲದಿದ್ದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಲಿಖಿತ ದೂರು ಸಲ್ಲಿಸಬಹುದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.