ಸೀಸದ ಮಾಲಿನ್ಯ ಮತ್ತು ಮಕ್ಕಳ ಆರೋಗ್ಯ

ಸೀಸದ ಮಾಲಿನ್ಯವು ಗಾಳಿ, ಮಣ್ಣು, ನೀರು ಮತ್ತು ಆಹಾರದಲ್ಲಿ ಸೀಸವೆಂಬ ಭಾರಲೋಹವು ಸೇರಿಕೊಳ್ಳುವುದರಿಂದ ಉಂಟಾಗುವ ಪರಿಸರ ಮಾಲಿನ್ಯ. ಸೀಸಕ್ಕೆ ಮಾನವ ಶರೀರದಲ್ಲಿ ಯಾವ ಉಪಯೋಗವೂ ಇಲ್ಲ. ಅದರಿಂದ ಹೆಚ್ಚಿನ ಹಾನಿಗೆ ಒಳಗಾಗುವವರು ಚಿಕ್ಕ ಮಕ್ಕಳು. ಭಾರತದಲ್ಲಿ ಈ ಸಮಸ್ಯೆಯನ್ನು ಬೆಳಕಿಗೆ ತಂದ ಪ್ರಮುಖ ಅಧ್ಯಯನವೊಂದು ಬೆಂಗಳೂರಿನಿಂದ ನಡೆಯಿತು.

ಮಕ್ಕಳ ಮೇಲಿನ ಪರಿಣಾಮ

ನೆಲದ ಮೇಲೆ ಆಡುವ ಮಕ್ಕಳು ಕೈಯನ್ನು ಹಾಗೂ ಆಟಿಕೆಗಳನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಧೂಳಿನಲ್ಲಿರುವ ಸೀಸವು ಅವರ ಹೊಟ್ಟೆಯನ್ನು ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಹೊಟ್ಟೆ ಸೇರಿದ ಸೀಸವನ್ನು ಮಕ್ಕಳ ಶರೀರವು ವಯಸ್ಕರಿಗಿಂತ 4–5 ಪಟ್ಟು ಹೆಚ್ಚಾಗಿ ಹೀರಿಕೊಳ್ಳಬಲ್ಲದು. ಆಹಾರದಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆಯಿದ್ದರೆ ಈ ಹೀರಿಕೆ ಇನ್ನೂ ಹೆಚ್ಚುತ್ತದೆ. ಆದುದರಿಂದ ಅಪೌಷ್ಟಿಕತೆಯಿರುವ ಮಕ್ಕಳಿಗೆ ಅಪಾಯ ಅಧಿಕ.

ಸೀಸವು ಮೂಳೆ ಮತ್ತು ಹಲ್ಲುಗಳಲ್ಲಿ ಶೇಖರವಾಗುತ್ತದೆ. ಗರ್ಭಾವಸ್ಥೆಯಲ್ಲಿ ತಾಯಿಯ ಮೂಳೆಯಿಂದ ರಕ್ತಕ್ಕೆ ಬಿಡುಗಡೆಯಾಗಿ ಭ್ರೂಣವನ್ನೂ ತಲುಪುತ್ತದೆ. ಬುದ್ಧಿಮತ್ತೆಯ ಇಳಿಕೆ, ಏಕಾಗ್ರತೆಯ ಕೊರತೆ, ವರ್ತನೆಯ ತೊಂದರೆಗಳು ಹಾಗೂ ರಕ್ತಹೀನತೆ ಇದರ ಮುಖ್ಯ ಪರಿಣಾಮಗಳು. ಕಡಿಮೆ ಪ್ರಮಾಣದಲ್ಲಿ ಹೊರಲಕ್ಷಣಗಳು ಕಾಣದಿರುವುದರಿಂದ ರಕ್ತಪರೀಕ್ಷೆಯಿಲ್ಲದೆ ಇದನ್ನು ಗುರುತಿಸುವುದು ಕಷ್ಟ.

ತೀವ್ರ ಪ್ರಕರಣಗಳಲ್ಲಿ ಔಷಧಿಯಿಂದ ರಕ್ತದಲ್ಲಿನ ಸೀಸವನ್ನು ತಗ್ಗಿಸಬಹುದಾದರೂ ಮಿದುಳಿಗೆ ಆಗಿರುವ ಹಾನಿಯನ್ನು ಸರಿಪಡಿಸಲಾಗದು. ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈ ಕಾರಣಗಳಿಂದ ಚಿಕಿತ್ಸೆಗಿಂತ ಮೂಲದಲ್ಲಿಯೇ ತಡೆಯುವ ಸರ್ಕಾರಿ ನೀತಿಗೆ ಮಹತ್ವವಿದೆ.

ಬೆಂಗಳೂರಿನ ಅಧ್ಯಯನ

1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಸಂಸ್ಥೆಯು ‘ಪ್ರಾಜೆಕ್ಟ್ ಲೈಫ್‌ಲೈನ್’ ಎಂಬ ಯೋಜನೆಯಡಿ ಬೆಂಗಳೂರು, ಮುಂಬಯಿ, ದೆಹಲಿ, ಕೋಲ್ಕತ, ಚೆನ್ನೈ ಮತ್ತು ಹೈದರಾಬಾದ್ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಕಂಡುಬಂದಿತು. 1999ರ ಫೆಬ್ರವರಿಯಲ್ಲಿ ಸೀಸದ ವಿಷಬಾಧೆಯ ತಡೆ ಮತ್ತು ಚಿಕಿತ್ಸೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ಬೆಂಗಳೂರಿನಲ್ಲಿ ನಡೆಯಿತು. ನಗರದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರಜ್ಞ ತುಪ್ಪಿಲ್ ವೆಂಕಟೇಶ್ ಈ ಕ್ಷೇತ್ರದಲ್ಲಿ ದೀರ್ಘಕಾಲ ಕೆಲಸ ಮಾಡಿದವರಲ್ಲಿ ಪ್ರಮುಖರು.

ಸರ್ಕಾರದ ನೀತಿಗಳು

ಪೆಟ್ರೋಲ್: ಎಂಜಿನ್ನಿನ ಬಡಿತವನ್ನು ತಡೆಯಲು ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸಲಾಗುತ್ತಿತ್ತು. ಹೊಗೆಯ ಮೂಲಕ ಹೊರಬಂದ ಸೀಸ ರಸ್ತೆಬದಿಯ ಧೂಳಿನಲ್ಲಿ ನೆಲೆಸುತ್ತಿತ್ತು. ದೆಹಲಿ, ಮುಂಬಯಿ, ಕೋಲ್ಕತ ಮತ್ತು ಚೆನ್ನೈಗಳಲ್ಲಿ 1994ರಲ್ಲಿ ಕಡಿಮೆ ಸೀಸದ ಪೆಟ್ರೋಲ್, 1995ರಲ್ಲಿ ಸೀಸರಹಿತ ಪೆಟ್ರೋಲ್ ಪರಿಚಯಿಸಲ್ಪಟ್ಟವು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದಿತು. ಮುಂಬಯಿಯ ಮಕ್ಕಳನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದ್ದವರ ಪ್ರಮಾಣ ಶೇ. 33.2 ಇತ್ತು. ಜಾರ್ಜ್ ಫೌಂಡೇಶನ್ 1997ರಲ್ಲಿ ಅಲ್ಲಿ ಕಂಡುಕೊಂಡಿದ್ದ ಪ್ರಮಾಣ ಶೇ. 61.8.

ಬ್ಯಾಟರಿ: ವಾಹನ ಹಾಗೂ ಯುಪಿಎಸ್‌ಗಳಲ್ಲಿ ಬಳಸುವ ಸೀಸ-ಆಮ್ಲ ಬ್ಯಾಟರಿಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವಿರುತ್ತದೆ. ಗುಜರಿಗೆ ಹೋದ ಬ್ಯಾಟರಿಗಳನ್ನು ಒಡೆದು ತೆರೆದ ಕುಲುಮೆಗಳಲ್ಲಿ ಕರಗಿಸಿದಾಗ ಸೀಸದ ಹೊಗೆಯೂ ಧೂಳೂ ಸುತ್ತಲಿನ ಮನೆಗಳಿಗೆ ಹರಡುತ್ತವೆ. ಕೆಲಸಗಾರರ ಬಟ್ಟೆಯ ಮೂಲಕವೂ ಅದು ಮನೆ ಸೇರುತ್ತದೆ. 2001ರ ಬ್ಯಾಟರಿ ನಿಯಮಗಳು ಹಳೆಯ ಬ್ಯಾಟರಿಗಳನ್ನು ಮರಳಿ ಪಡೆದು ನೋಂದಾಯಿತ ಘಟಕಗಳಿಗೆ ಕಳುಹಿಸುವುದನ್ನು ಕಡ್ಡಾಯಗೊಳಿಸಿದವು. ಅವುಗಳ ಸ್ಥಾನದಲ್ಲಿ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.

ಬಣ್ಣ: 2016ರಲ್ಲಿ ಹೊರಡಿಸಿ 2017ರ ನವೆಂಬರಿನಲ್ಲಿ ಜಾರಿಗೊಂಡ ನಿಯಮಗಳು, ಮನೆಗಳಿಗೆ ಹಾಗೂ ಅಲಂಕಾರಕ್ಕೆ ಬಳಸುವ ಬಣ್ಣಗಳಲ್ಲಿ ಸೀಸವನ್ನು 10 ಲಕ್ಷ ಭಾಗಗಳಲ್ಲಿ 90 ಭಾಗಕ್ಕೆ ಮಿತಿಗೊಳಿಸಿವೆ. ಹಳೆಯ ಬಣ್ಣ ಬಳಿದ ಗೋಡೆ, ಕಿಟಕಿಗಳಿಗೆ ಇದು ಅನ್ವಯಿಸುವುದಿಲ್ಲ.

ಪೀಣ್ಯ–ಚಿಕ್ಕಬಾಣಾವರ ಪ್ರದೇಶ

ಬೆಂಗಳೂರಿನ ವಾಯವ್ಯ ಭಾಗದಲ್ಲಿರುವ ಪೀಣ್ಯವು 1970ರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶ. ಲೋಹದ ಕೆಲಸ ಹಾಗೂ ವಿದ್ಯುಲ್ಲೇಪನದ ಸಣ್ಣ ಘಟಕಗಳು ಇಲ್ಲಿ ಹೆಚ್ಚಾಗಿವೆ. ಕೈಗಾರಿಕೆ ಬೆಳೆದಂತೆ ಸಮೀಪದ ಚಿಕ್ಕಬಾಣಾವರ ಮುಂತಾದ ಊರುಗಳು ದಟ್ಟ ಜನವಸತಿಗಳಾದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಸಮಗ್ರ ಪರಿಸರ ಮಾಲಿನ್ಯ ಸೂಚ್ಯಂಕದಲ್ಲಿ ಪೀಣ್ಯ 65.11 ಅಂಕಗಳೊಂದಿಗೆ ‘ತೀವ್ರ ಮಾಲಿನ್ಯದ’ ವರ್ಗಕ್ಕೆ ಸೇರಿತು. ಇಲ್ಲಿನ ಅಂತರ್ಜಲದಲ್ಲಿ ಮುಖ್ಯವಾಗಿ ಚರ್ಚೆಗೆ ಬಂದ ಲೋಹ ಸೀಸವಲ್ಲ, ಕ್ರೋಮಿಯಂ. ಆದರೆ ಎರಡರ ವಿಷಯದಲ್ಲಿಯೂ ಮಿತಿಯೊಂದಿದೆ: ಸೂಚ್ಯಂಕವು ಗಾಳಿ, ನೀರು ಹಾಗೂ ನೆಲದ ಸ್ಥಿತಿಯನ್ನು ಆಧರಿಸಿದ್ದು, ಮಕ್ಕಳ ರಕ್ತದಲ್ಲಿನ ಲೋಹಗಳ ಮಾಪನ ಅದರ ಭಾಗವಲ್ಲ.

ಈಚಿನ ಸ್ಥಿತಿ

ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿಯು, ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆಯೆಂದು ಅಂದಾಜಿಸಿತು. ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರು. 2021ರಲ್ಲಿ ಅಲ್ಜೀರಿಯ ಮಾರಾಟ ನಿಲ್ಲಿಸುವುದರೊಂದಿಗೆ ವಾಹನಗಳ ಸೀಸಯುಕ್ತ ಪೆಟ್ರೋಲ್ ಜಗತ್ತಿನಿಂದ ಮರೆಯಾಯಿತು. ಕೆಲವೇ ತೈಲ ಸಂಸ್ಕರಣಾಗಾರಗಳನ್ನು ನಿಯಂತ್ರಿಸಿ ಈ ಬದಲಾವಣೆಯನ್ನು ಸಾಧಿಸಬಹುದಾಗಿತ್ತು. ಚದುರಿಹೋಗಿರುವ ಅನೌಪಚಾರಿಕ ಬ್ಯಾಟರಿ ಮರುಬಳಕೆ, ಹಳೆಯ ಬಣ್ಣ, ಕಲಬೆರಕೆ ಅರಿಶಿನಪುಡಿ ಮತ್ತು ಕೆಲವು ಲೋಹದ ಪಾತ್ರೆಗಳ ಮೇಲಿನ ನಿಯಂತ್ರಣ ಅಷ್ಟು ಸುಲಭವಲ್ಲ.

ಇವನ್ನೂ ನೋಡಿ

ಸೀಸ
ಭಾರಲೋಹಗಳು
ಪೀಣ್ಯ
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ