ಕ್ನೂಟ್ ದಿನ

ಕ್ನೂಟ್ ದಿನವು ಸ್ವೀಡನ್ನಿನಲ್ಲಿ ಕ್ರಿಸ್‌ಮಸ್ ಕಾಲ ಮುಗಿದು, ಮನೆಯ ಅಲಂಕಾರಗಳನ್ನೆಲ್ಲ ಇಳಿಸುವ ಆಚರಣೆಯ ದಿನ. ಡಿಸೆಂಬರ್ 25ರಿಂದ ಎಣಿಸಿದರೆ ಇಪ್ಪತ್ತನೆಯದಾಗುವ ಜನವರಿ 13ರಂದು ಇದು ಬರುತ್ತದೆ. ಇಂಗ್ಲೆಂಡಿನಲ್ಲಿ ‘ಹನ್ನೆರಡನೆಯ ರಾತ್ರಿ’, ಅಂದರೆ ಜನವರಿ 5 ಅಥವಾ 6ರ ಹೊತ್ತಿಗೇ ತೋರಣಗಳನ್ನು ಬಿಚ್ಚುವುದು ವಾಡಿಕೆಯಾದ್ದರಿಂದ, ಸ್ವೀಡನ್ನಿನ ಹಬ್ಬ ಒಂದು ವಾರ ಹೆಚ್ಚು ಬಾಳುತ್ತದೆ. ದಿನಕ್ಕೆ ಹೆಸರು ಕೊಟ್ಟವನು ಡೆನ್ಮಾರ್ಕಿನ ರಾಜಮನೆತನದ ಡ್ಯೂಕ್ ಕ್ನೂಟ್ ಲಾವಾರ್ಡ್. 1131ರ ಜನವರಿ 7ರಂದು ದಾಯಾದಿಯ ಕೈಯಿಂದ ಹತನಾದ ಈತನಿಗೆ ಮುಂದೆ ಸಂತಪದವಿ ದೊರೆಯಿತು. ಮೊದಲು ಆತನ ಮರಣದ ದಿನದಂದೇ ಇದ್ದ ಈ ಸ್ಮರಣೆಯನ್ನು ಆಮೇಲೆ 13ಕ್ಕೆ ಸರಿಸಲಾಯಿತು.

ಆಚರಣೆಯ ಜೀವಾಳವೆಂದರೆ ‘ಯೂಲ್‌ಗ್ರಾನ್ಸ್‌ಪ್ಲುಂಡ್ರಿಂಗ್’, ಅಂದರೆ ಕ್ರಿಸ್‌ಮಸ್ ಮರದ ಸೂರೆ. ವಾರಗಟ್ಟಲೆ ಕಣ್ಣೆದುರೇ ತೂಗುತ್ತಿದ್ದರೂ ಕೈಯಿಕ್ಕುವಂತಿರದ ತಿನಿಸುಗಳು ಅಂದು ಮಕ್ಕಳ ಪಾಲಾಗುತ್ತವೆ: ಕೆಂಪು ದಾರಕ್ಕೆ ಪೋಣಿಸಿದ ತೆಳುವಾದ ಶುಂಠಿ ಬಿಸ್ಕತ್ತುಗಳು, ಎರಡೂ ತುದಿಗೆ ಕುಚ್ಚು ಬಿಟ್ಟು ಬಣ್ಣದ ಕಾಗದದಲ್ಲಿ ಸುತ್ತಿದ ಮಿಠಾಯಿ. ಮಕ್ಕಳು ಕೈಕೈ ಹಿಡಿದು ಮರದ ಸುತ್ತ ಕುಣಿದು ಹಾಡಿದ ಬಳಿಕ, ಒಣಗಿ ಸೂಜಿಯೆಲೆ ಉದುರಿಸುತ್ತಿರುವ ಆ ಸ್ಪ್ರೂಸ್ ಮರವನ್ನು ಎಲ್ಲರೂ ಸೇರಿ ಬಾಗಿಲಾಚೆಗೆ ಎಳೆದು ಹಾಕುತ್ತಾರೆ. ಕಿಟಕಿಯಿಂದ ಹೊರಗೆಸೆಯುತ್ತಿದ್ದುದೂ ಉಂಟು. ಅಲಂಕಾರ ಬಿಚ್ಚುವುದೆಂದರೆ ಬೇರೆಡೆ ಹಿರಿಯರು ಮೌನವಾಗಿ ಮುಗಿಸುವ ಮನೆಗೆಲಸ. ಅದನ್ನೇ ಮಕ್ಕಳ ಹಬ್ಬವಾಗಿಸಿದ್ದು ಈ ಸಂಪ್ರದಾಯದ ದೊಡ್ಡ ಗುಣ. ನಾರ್ವೆ, ಫಿನ್‌ಲೆಂಡ್‌ಗಳಲ್ಲೂ ಕ್ನೂಟ್ ದಿನ ಪರಿಚಿತ. ಫಿನ್‌ಲೆಂಡಿನ ಕೆಲವೆಡೆ ಅಂದು ಮೇಕೆಯ ವೇಷ ತೊಟ್ಟವರು ಮನೆಮನೆಗೆ ಹೋಗಿ ಹಬ್ಬದಲ್ಲಿ ಉಳಿದ ತಿಂಡಿ, ಪಾನೀಯಗಳನ್ನು ಕೇಳಿ ಪಡೆಯುತ್ತಾರೆ.